ಕಾರಿನೊಳಗಿನ ಪರದೆ: ಇಂಚುಗಳಾಚೆ ನೋಡಬೇಕಾದದ್ದು

ಹೊಸ ಕಾರು ನೋಡಲು ಷೋರೂಮಿಗೆ ಹೋದವರಿಗೆ ಬಾನೆಟ್ ಎತ್ತಿ ಎಂಜಿನ್ ತೋರಿಸುವವರು ಈಗ ಕಡಿಮೆ. ಚಾಲಕನ ಸೀಟಿನಲ್ಲಿ ಕೂರಿಸಿ, ಡ್ಯಾಶ್‌ಬೋರ್ಡಿನ ನಡುವೆ ಹೊಳೆಯುವ ಪರದೆ ಎಷ್ಟು ಇಂಚಿನದು, ಅದರಲ್ಲಿ ಏನೇನು ಬರುತ್ತದೆ ಎಂದು ವಿವರಿಸುವುದರಿಂದಲೇ ಮಾತು ಶುರುವಾಗುತ್ತದೆ. ಒಂದೇ ಕಾರಿನ ಕೆಳಗಿನ ವೇರಿಯಂಟಿಗೂ ಮೇಲಿನ ವೇರಿಯಂಟಿಗೂ ಇರುವ ಬೆಲೆಯ ಅಂತರದಲ್ಲಿ ಈ ಪರದೆ ಮತ್ತು ಅದಕ್ಕೆ ಅಂಟಿಕೊಂಡು ಬರುವ ಸೌಲಭ್ಯಗಳ ಪಾಲು ಸಣ್ಣದೇನಲ್ಲ. ಇಷ್ಟಾದರೂ ನಾವು ಅದನ್ನು ಪರೀಕ್ಷಿಸುವುದು ನಿಂತ ಕಾರಿನಲ್ಲಿ, ಎ.ಸಿ. ಹಾಕಿದ ಹಾಲಿನೊಳಗೆ, ವೈ-ಫೈ ಸಿಗುವ ಕಡೆ, ಎರಡೂ ಕೈ ಬಿಡುವಾಗಿರುವಾಗ. ಆ ಯಂತ್ರ ನಿಜವಾಗಿ ದುಡಿಯಬೇಕಾದ ಸ್ಥಿತಿ ಇದಕ್ಕೆ ತದ್ವಿರುದ್ಧ: ಕಾರು ಓಡುತ್ತಿರುತ್ತದೆ, ಬಿಸಿಲು ನೇರವಾಗಿ ಗಾಜಿನ ಮೇಲೆ ಬೀಳುತ್ತಿರುತ್ತದೆ, ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಚಾಲಕನ ಕಣ್ಣೂ ಕೈಯೂ ಬೇರೆ ಕೆಲಸದಲ್ಲಿ ತೊಡಗಿರುತ್ತವೆ. ಅದೂ ಕೊಂಡ ವರ್ಷ ಮಾತ್ರವಲ್ಲ, ಹತ್ತು ವರ್ಷ ಕಳೆದ ಮೇಲೂ. ಆದ್ದರಿಂದ ಇಂತಹ ವ್ಯವಸ್ಥೆಯನ್ನು ತೂಗುವಾಗ ಅದು ಕೊಡುವ ಸೌಲಭ್ಯಗಳ ಪಟ್ಟಿಗಿಂತ, ಚಾಲಕನ ಗಮನವನ್ನು ಅದು ಎಷ್ಟು ಕಡಿಮೆ ಬೇಡುತ್ತದೆ ಮತ್ತು ಅನುಕೂಲಗಳು ತಪ್ಪಿದಾಗ ಎಷ್ಟರ ಮಟ್ಟಿಗೆ ಕೈಬಿಡದೆ ಕೆಲಸ ಮಾಡುತ್ತದೆ ಎಂಬುದನ್ನೇ ಮುಖ್ಯವಾಗಿ ನೋಡಬೇಕು ಎಂಬುದು ಈ ಲೇಖನದ ನಿಲುವು.

ಪರದೆಯ ಹಿಂದೆ ಯಾರಿದ್ದಾರೆ?

ಮೊದಲು ತಿಳಿದುಕೊಳ್ಳಬೇಕಾದದ್ದು, ಪರದೆಯ ಮೇಲೆ ಕಾಣುವುದನ್ನು ಯಾವ ಕಂಪ್ಯೂಟರ್ ನಡೆಸುತ್ತಿದೆ ಎಂಬುದು. ಕಾರು ತಯಾರಕರ ಸ್ವಂತ ಸಾಫ್ಟ್‌ವೇರ್ ಒಂದು ಬಗೆ. ರೇಡಿಯೊ, ರಿವರ್ಸ್ ಕ್ಯಾಮೆರಾ, ಕೆಲವು ಕಾರುಗಳಲ್ಲಿ ನಕ್ಷೆ, ಇತ್ತೀಚೆಗೆ ಎ.ಸಿ. ನಿಯಂತ್ರಣ, ಎಲ್ಲವೂ ಅದರಲ್ಲೇ ಇರುತ್ತವೆ. ಆಪಲ್ ಕಾರ್‌ಪ್ಲೇ ಮತ್ತು ಆಂಡ್ರಾಯ್ಡ್ ಆಟೊ ಎರಡನೆಯ ಬಗೆ. ಇವೆರಡೂ 2014ರಲ್ಲಿ ಪ್ರಕಟವಾದವು. ಇವುಗಳಲ್ಲಿ ಲೆಕ್ಕಾಚಾರವೆಲ್ಲ ನಡೆಯುವುದು ಚಾಲಕನ ಮೊಬೈಲಿನಲ್ಲಿ. ಕಾರಿನ ಪರದೆ ಆ ಚಿತ್ರವನ್ನು ತೋರಿಸಿ, ಬೆರಳು ತಾಗಿದ ಜಾಗವನ್ನು ಮೊಬೈಲಿಗೆ ತಿಳಿಸುತ್ತದೆ, ಅಷ್ಟೆ. ಮೂರನೆಯದು ಆಂಡ್ರಾಯ್ಡ್ ಆಟೊಮೋಟಿವ್. ಹೆಸರು ಹೆಚ್ಚುಕಡಿಮೆ ಒಂದೇ ಆದರೂ ಇದು ಆಂಡ್ರಾಯ್ಡ್ ಆಟೊ ಅಲ್ಲ. ಇದು ಕಾರಿನೊಳಗಿನ ಕಂಪ್ಯೂಟರಿನಲ್ಲೇ ಓಡುವ ಕಾರ್ಯಾಚರಣಾ ವ್ಯವಸ್ಥೆ, ಗೂಗಲ್ ಸೇವೆಗಳೊಂದಿಗೆ ಮೊದಲು ಬಂದದ್ದು 2020ರ ಪೋಲ್‌ಸ್ಟಾರ್ 2 ಕಾರಿನಲ್ಲಿ. ಇದಕ್ಕೆ ಮೊಬೈಲ್ ಬೇಕಿಲ್ಲ. ಬದಲಿಗೆ ಕಾರಿನದೇ ಇಂಟರ್‌ನೆಟ್ ಸಂಪರ್ಕ ಬೇಕು.

ಈ ವ್ಯತ್ಯಾಸ ತಿಳಿಯದೆ ಎರಡು ಕಾರುಗಳನ್ನು ಹೋಲಿಸಿದರೆ ಹೋಲಿಕೆಯೇ ತಪ್ಪಾಗುತ್ತದೆ. ಮೊಬೈಲಿನಿಂದ ಬರುವ ನಕ್ಷೆ ಚುರುಕಾಗಿದ್ದರೆ ಆ ಶ್ರೇಯ ಕಾರಿನದಲ್ಲ, ನಿಮ್ಮ ಮೊಬೈಲಿನದು. ಷೋರೂಮಿನ ಸಿಬ್ಬಂದಿ ತಮ್ಮ ದುಬಾರಿ ಫೋನನ್ನು ಜೋಡಿಸಿ ತೋರಿಸಿದ ವೇಗ ನಿಮ್ಮ ನಾಲ್ಕು ವರ್ಷ ಹಳೆಯ ಫೋನಿನಲ್ಲಿ ಬಾರದಿರಬಹುದು. ವೈರ್ ಇಲ್ಲದ ಜೋಡಣೆಯಲ್ಲಿ ಬ್ಲೂಟೂತ್ ಕೈಕುಲುಕಿಸಿಕೊಟ್ಟ ಮೇಲೆ ಚಿತ್ರ ಹರಿಯುವುದು ವೈ-ಫೈ ಮೂಲಕ. ಜಿಪಿಎಸ್, ವೈ-ಫೈ, ಮೊಬೈಲ್ ಡೇಟಾ ಮೂರೂ ಒಟ್ಟಿಗೆ ದುಡಿಯುವುದರಿಂದ ಫೋನು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಆ ಬಿಸಿ ಫೋನನ್ನು ವೈರ್‌ಲೆಸ್ ಚಾರ್ಜರಿನ ಮೇಲಿಟ್ಟರೆ ಇನ್ನಷ್ಟು ಬಿಸಿ. ದೂರದ ಪ್ರಯಾಣಕ್ಕೆ ಕೇಬಲ್ಲೇ ವಾಸಿ. ಹಾಗಾಗಿ ವೈರ್‌ಲೆಸ್ ಇದೆಯೇ ಎಂದು ಕೇಳುವುದರ ಜೊತೆಗೆ, ಕೇಬಲ್ ಹಾಕಿದರೂ ಕೆಲಸ ಮಾಡುತ್ತದೆಯೇ, ಡೇಟಾ ಹಾದುಹೋಗುವ ಯುಎಸ್‌ಬಿ ಪೋರ್ಟ್ ಯಾವುದು, ಯಾವುದು ಬರಿಯ ಚಾರ್ಜಿಂಗಿಗೆ ಎಂದೂ ಕೇಳಬೇಕು.

ಜನರಲ್ ಮೋಟಾರ್ಸ್ ತನ್ನ ಮುಂದಿನ ವಿದ್ಯುತ್ ಕಾರುಗಳಲ್ಲಿ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎರಡನ್ನೂ ಬಿಡುವುದಾಗಿ 2023ರಲ್ಲಿ ಹೇಳಿತು. ಪರದೆಯ ಒಡೆತನ ಮೊಬೈಲ್ ಕಂಪನಿಯದೋ ಕಾರು ಕಂಪನಿಯದೋ ಎಂಬ ಈ ಜಗ್ಗಾಟದಲ್ಲಿ ಗ್ರಾಹಕನಿಗೆ ಲಾಭವಾಗುವುದು ಎರಡೂ ದಾರಿ ತೆರೆದಿರುವಾಗ ಮಾತ್ರ. ನಮ್ಮಲ್ಲಿ ಹೆಚ್ಚಿನವರಿಗೆ ಮೊಬೈಲ್ ಜೋಡಣೆಯೇ ದಿನನಿತ್ಯದ ಆಸರೆಯಾಗಿರುವುದರಿಂದ, ಅದು ಸ್ಥಿರವಾಗಿ ನಡೆಯುವ ಕಾರನ್ನು ಆರಿಸಿ, ಒಳಗೇ ಇರುವ ನಕ್ಷೆಯನ್ನು ಎರಡನೆಯ ಆಸರೆಯೆಂದು ಎಣಿಸುವುದು ವಿವೇಕ.

ನಾನೆಲ್ಲಿದ್ದೇನೆ ಎಂಬ ಪ್ರಶ್ನೆ

ದಾರಿ ತೋರಿಸುವ ಯಾವ ಯಂತ್ರವೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಿಂದ ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತಲೇ ಇರುತ್ತವೆ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ವ್ಯತ್ಯಾಸದಿಂದ ಕಾರಿನ ಗ್ರಾಹಕಯಂತ್ರ (ರಿಸೀವರ್) ದೂರವನ್ನು ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಈ ಮೂರರ ಜೊತೆಗೆ ಕಾರಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನೂ ಬಿಡಿಸಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂ.ಮೀ. ಸಾಗುತ್ತದೆ, ಅಂದರೆ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಕಾರು 300 ಮೀಟರ್ ಆಚೆ ಕಾಣುತ್ತದೆ. ಅಮೆರಿಕ ಸರ್ಕಾರ ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದುದನ್ನು 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿದ ಮೇಲೆಯೇ ಸಾಮಾನ್ಯ ಕಾರುಗಳಿಗೆ ಬೀದಿಯ ಮಟ್ಟದ ನಿಖರತೆ ಸುಲಭವಾಗಿ ದಕ್ಕಿತು.

ಈಗ ಜಿಪಿಎಸ್ ಒಂದೇ ಅಲ್ಲ. ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಜೊತೆಗೆ ನಮ್ಮ ಇಸ್ರೊದ ನಾವಿಕ್ ಇದೆ. ಇದರ ಮೊದಲ ಉಪಗ್ರಹ 2013ರಲ್ಲಿ ಹಾರಿತು. ಏಳನೆಯದು ಕಕ್ಷೆ ಸೇರಿದ 2016ರಲ್ಲಿ ಈ ವ್ಯೂಹಕ್ಕೆ ನಾವಿಕ್ ಎಂದು ಹೆಸರಾಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಇದರ ಸಂಚಾರ ಕೇಂದ್ರವಿದೆ, ಉಪಗ್ರಹಗಳ ನಿಯಂತ್ರಣದಲ್ಲಿ ಹಾಸನಕ್ಕೂ ಪಾಲಿದೆ. ಆರಂಭದ ಉಪಗ್ರಹಗಳು ಎಲ್5 ಮತ್ತು ಎಸ್ ತರಂಗಪಟ್ಟಿಗಳಲ್ಲಿ ಮಾತ್ರ ಸಂಕೇತ ಕಳಿಸುತ್ತಿದ್ದುದರಿಂದ ಸಾಮಾನ್ಯ ಗ್ರಾಹಕಯಂತ್ರಗಳಿಗೆ ಅದು ಎಟುಕುತ್ತಿರಲಿಲ್ಲ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ, ಎಲ್ಲರೂ ಬಳಸುವ ಎಲ್1 ಪಟ್ಟಿಯೂ ಸೇರಿಕೊಂಡಿತು. ಹಳೆಯ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ನಾವಿಕ್ ಒಂದನ್ನೇ ನೆಚ್ಚಿಕೊಳ್ಳುವ ಕಾಲ ಬಂದಿಲ್ಲ. ಆದರೂ ಹಲವು ವ್ಯೂಹಗಳನ್ನು, ಎರಡು ತರಂಗಪಟ್ಟಿಗಳನ್ನು ಒಟ್ಟಿಗೆ ಕೇಳುವ ಗ್ರಾಹಕಯಂತ್ರ ಒಂದನ್ನೇ ಕೇಳುವುದಕ್ಕಿಂತ ಉತ್ತಮ ಎಂಬುದರಲ್ಲಿ ಸಂಶಯವಿಲ್ಲ. ಕರಪತ್ರದಲ್ಲಿ ಬರಿದೇ ‘ಜಿಪಿಎಸ್ ಇದೆ’ ಎಂದು ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ.

ನಗರದಲ್ಲಿ ತೊಂದರೆ ಕೊಡುವುದು ಉಪಗ್ರಹಗಳ ಕೊರತೆಗಿಂತ ಕಟ್ಟಡಗಳ ಗೋಡೆಗಳು. ಸಂಕೇತ ಗಾಜಿನ ಗೋಡೆಗೆ ಬಡಿದು ಸುತ್ತಿಬಂದರೆ ದೂರ ಹೆಚ್ಚಾದಂತೆ ತೋರಿ, ಕಾರು ಪಕ್ಕದ ಬೀದಿಗೆ ಜಿಗಿದಂತೆ ಕಾಣುತ್ತದೆ. ಇದನ್ನು ಸರಿಪಡಿಸಲು ಸಾಫ್ಟ್‌ವೇರ್, ಹಿಂದಿನ ಕೆಲವು ಸೆಕೆಂಡುಗಳ ಚಲನೆಯನ್ನು ನೋಡಿ, ಈ ಕಾರು ಇರಬಹುದಾದ ರಸ್ತೆಗಳಲ್ಲಿ ಹೆಚ್ಚು ಸಂಭವನೀಯವಾದುದನ್ನು ಆರಿಸಿ, ಬಾಣವನ್ನು ಅದರ ಮೇಲೆ ಕೂರಿಸುತ್ತದೆ. ಊರ ಹೊರಗಿನ ಒಂಟಿ ರಸ್ತೆಯಲ್ಲಿ ಇದು ಸಲೀಸು. ಹೊಸೂರು ರಸ್ತೆಯ ಮೇಲೆ ಹಾದುಹೋಗುವ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯಂತಹ ಕಡೆ ಮಾತ್ರ ಒಂದರ ಮೇಲೊಂದು ಎರಡು ರಸ್ತೆಗಳಿದ್ದು, ನಕ್ಷೆಯ ಮೇಲೆ ಎರಡೂ ಒಂದೇ ಗೆರೆ. ಉಪಗ್ರಹದ ಲೆಕ್ಕದಲ್ಲಿ ಎತ್ತರವೇ ಅತಿ ದುರ್ಬಲ ಅಂಶವಾದ್ದರಿಂದ, ಕಾರು ಮೇಲಿದೆಯೋ ಕೆಳಗಿದೆಯೋ ಎಂದು ನಿರ್ಧರಿಸುವುದು ಕಷ್ಟ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಇದೇ ತೊಡಕು ಅಡ್ಡಡ್ಡಲಾಗಿ ಕಾಣಿಸುತ್ತದೆ. ಮುಖ್ಯ ಪಥಕ್ಕೂ ಸರ್ವಿಸ್ ರಸ್ತೆಗೂ ನಡುವೆ ಕೆಲವೇ ಮೀಟರುಗಳ ಅಂತರ. ನೀವು ಸರ್ವಿಸ್ ರಸ್ತೆಯಲ್ಲಿದ್ದೀರಿ ಎಂದು ಯಂತ್ರ ಭಾವಿಸಿಬಿಟ್ಟರೆ, ಮುಖ್ಯ ಪಥದಿಂದ ಇಳಿಯಬೇಕಾದ ಜಾಗವನ್ನು ಹೇಳದೆಯೇ ಮುಂದೆ ಕರೆದೊಯ್ಯುತ್ತದೆ, ಮುಂದಿನ ನಿರ್ಗಮನ ಸಿಗುವವರೆಗೆ ಮರಳುವ ದಾರಿಯಿಲ್ಲ. ಟೆಸ್ಟ್ ಡ್ರೈವ್ ಕೊಡುವವರು ಷೋರೂಮಿನ ಹಿಂದಿನ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ಮುಗಿಸುತ್ತಾರೆ. ಇಂತಹ ಜೋಡಿ ರಸ್ತೆ ಹತ್ತಿರವಿದ್ದರೆ ಅಲ್ಲಿಗೇ ಹೋಗೋಣವೆಂದು ಹಟ ಹಿಡಿಯುವುದು ಒಳ್ಳೆಯದು.

ಕಾರಿನೊಳಗೇ ಕೂಡಿಸಿದ ನ್ಯಾವಿಗೇಶನ್‌ಗೆ ಮೊಬೈಲಿಗಿಂತ ಮೇಲುಗೈ ಇರುವುದೂ ಇಲ್ಲಿಯೇ. ಚಕ್ರಗಳು ಎಷ್ಟು ಸುತ್ತಿದವು ಎಂಬುದು ಕಾರಿಗೆ ಗೊತ್ತು. ಯಾವ ಕಡೆಗೆ ಎಷ್ಟು ತಿರುಗಿತು ಎಂಬುದನ್ನು ಗೈರೊಸ್ಕೋಪ್ ಹೇಳುತ್ತದೆ. ಉಪಗ್ರಹ ಮರೆಯಾದಾಗ, ಕರೆಂಟು ಹೋದ ಮನೆಯಲ್ಲಿ ಹೆಜ್ಜೆ ಎಣಿಸಿಕೊಂಡು ಅಡುಗೆಮನೆ ಸೇರುವ ಹಾಗೆ, ಕೊನೆಯದಾಗಿ ಗೊತ್ತಿದ್ದ ಸ್ಥಾನದಿಂದ ದೂರವನ್ನೂ ದಿಕ್ಕನ್ನೂ ಕೂಡಿಸುತ್ತ ಯಂತ್ರ ಮುಂದುವರಿಯುತ್ತದೆ. ಇದು ಉಪಗ್ರಹಕ್ಕಿಂತ ಹಳೆಯ ಉಪಾಯ. 1981ರಲ್ಲಿ ಹೋಂಡಾ ಹೊರತಂದ ಎಲೆಕ್ಟ್ರೋ ಗೈರೊಕೇಟರ್ ಎಂಬ ಸಾಧನ ಯಾವ ಉಪಗ್ರಹದ ನೆರವೂ ಇಲ್ಲದೆ, ಅನಿಲದಿಂದ ನಡೆಯುವ ಗೈರೊಸ್ಕೋಪಿನ ಆಧಾರದಲ್ಲಿ, ಪಾರದರ್ಶಕ ಹಾಳೆಯ ನಕ್ಷೆಯ ಮೇಲೆ ಕಾರಿನ ಸ್ಥಾನ ತೋರಿಸುತ್ತಿತ್ತು; 1985ರ ಎಟಾಕ್ ನ್ಯಾವಿಗೇಟರ್ ನಕ್ಷೆಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು ಬಂದಿತ್ತು. ಮೊಬೈಲಿಗೂ ಗೈರೊಸ್ಕೋಪ್ ಇದೆಯಾದರೂ ಚಕ್ರದ ಲೆಕ್ಕ ಸಿಗುವುದಿಲ್ಲ. ಕಾರವಾರದ ಬಳಿ ರಾಷ್ಟ್ರೀಯ ಹೆದ್ದಾರಿ 66ರ ಸುರಂಗಗಳಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಪರೀಕ್ಷಿಸಲು ಅಷ್ಟು ದೂರ ಹೋಗಬೇಕಿಲ್ಲ. ಯಾವುದಾದರೂ ಮಾಲ್‌ನ ಎರಡು ಅಂತಸ್ತಿನ ನೆಲಮಾಳಿಗೆಗೆ ಇಳಿದು, ಒಂದೆರಡು ಸುತ್ತು ಹಾಕಿ, ಬೇರೊಂದು ಗೇಟಿನಿಂದ ಹೊರಬನ್ನಿ. ಹೊರಬಂದ ಕ್ಷಣದಲ್ಲಿ ಬಾಣ ಸರಿಯಾದ ರಸ್ತೆಯ ಮೇಲಿದ್ದು, ಸರಿಯಾದ ದಿಕ್ಕಿಗೆ ಮುಖ ಮಾಡಿದ್ದರೆ ಯಂತ್ರ ಒಳ್ಳೆಯದು. ಒಳಗೆ ಹೋದ ಗೇಟಿನಲ್ಲೇ ನಿಂತು ಅರ್ಧ ನಿಮಿಷ ಗಿರಕಿ ಹೊಡೆಯುತ್ತಿದ್ದರೆ ಅಲ್ಲಿ ಚಕ್ರದ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ.

ನಕ್ಷೆಯ ವಯಸ್ಸು

ಯಂತ್ರಕ್ಕೆ ನಕ್ಷೆಯೆಂದರೆ ಚಿತ್ರವಲ್ಲ. ಕೂಡುಗಳನ್ನು ಜೋಡಿಸುವ ಗೆರೆಗಳ ದೊಡ್ಡ ಜಾಲ. ಪ್ರತಿ ಗೆರೆಗೂ ಉದ್ದ, ವೇಗ, ಏಕಮುಖವೋ ಅಲ್ಲವೋ, ಬಲಕ್ಕೆ ತಿರುಗಲು ಅನುಮತಿ ಇದೆಯೋ ಇಲ್ಲವೋ ಎಂಬ ವಿವರಗಳು ಅಂಟಿಕೊಂಡಿರುತ್ತವೆ. ಅತಿ ಕಡಿಮೆ ಸಮಯದ ದಾರಿ ಹುಡುಕುವ ಗಣಿತವನ್ನು ಎಡ್ಸ್‌ಗರ್ ಡೈಕ್‌ಸ್ಟ್ರಾ 1959ರಲ್ಲೇ ಪ್ರಕಟಿಸಿದ್ದರು. ಅದನ್ನು ಚುರುಕುಗೊಳಿಸುವ ಉಪಾಯಗಳು ಆಮೇಲೆ ಬಂದವು. ಹಾಗಾಗಿ ಇಂದು ತಪ್ಪು ದಾರಿ ತೋರಿಸುವ ಯಂತ್ರದಲ್ಲಿ ಗಣಿತ ತಪ್ಪಿರುವುದು ಅಪರೂಪ, ವಿವರ ಹಳತಾಗಿರುವುದೇ ಹೆಚ್ಚು. ಹೊಸ ಮೇಲ್ಸೇತುವೆ ನಕ್ಷೆಗೆ ಸೇರಿಲ್ಲ, ಮೆಟ್ರೊ ಕಾಮಗಾರಿಗಾಗಿ ಏಕಮುಖವಾದ ರಸ್ತೆ ಇನ್ನೂ ದ್ವಿಮುಖವಾಗಿಯೇ ಇದೆ, ಇಷ್ಟೇ.

ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು ನೇರವಾದವು. ನಕ್ಷೆ ಯಾರದು, ಅಪ್‌ಡೇಟ್ ತಾನಾಗಿಯೇ ಗಾಳಿಯಲ್ಲಿ ಬರುತ್ತದೆಯೋ ಅಥವಾ ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಬರಬೇಕೋ, ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ಹಣ? ಮ್ಯಾಪ್‌ಮೈಇಂಡಿಯಾ 1990ರ ದಶಕದಿಂದಲೇ ಭಾರತದ ನಕ್ಷೆಗಳ ಮೇಲೆ ಕೆಲಸ ಮಾಡುತ್ತಿರುವ ಕಂಪನಿ, ನಮ್ಮಲ್ಲಿನ ಹಲವು ಕಾರುಗಳ ಒಳಗಿನ ನಕ್ಷೆ ಅವರದೇ. ನಕ್ಷೆ ಚೆನ್ನಾಗಿದ್ದರೂ ಅದನ್ನು ಕಾರಿಗೆ ತಲುಪಿಸುವ ಏರ್ಪಾಡು ಕೆಟ್ಟಿದ್ದರೆ ಪ್ರಯೋಜನವಿಲ್ಲ.

ವಾಹನ ದಟ್ಟಣೆಯ ಮಾಹಿತಿ ಬೇರೆಯೇ ಕಥೆ. ರಸ್ತೆಯ ಮೇಲೆ ಸಾಗುತ್ತಿರುವ ಸಾವಿರಾರು ಫೋನುಗಳ ವೇಗವನ್ನು ಒಟ್ಟುಗೂಡಿಸಿ ಕೆಂಪು, ಕಿತ್ತಳೆ ಬಣ್ಣ ಬಳಿಯಲಾಗುತ್ತದೆ. 2020ರಲ್ಲಿ ಬರ್ಲಿನ್ನಿನ ಕಲಾವಿದ ಸೈಮನ್ ವೆಕರ್ಟ್ 99 ಫೋನುಗಳನ್ನು ಪುಟ್ಟ ಗಾಡಿಯಲ್ಲಿ ತುಂಬಿಕೊಂಡು ನಿಧಾನವಾಗಿ ಎಳೆದುಕೊಂಡು ಹೋಗಿ, ಖಾಲಿ ರಸ್ತೆಯನ್ನು ನಕ್ಷೆಯಲ್ಲಿ ಕೆಂಪಾಗಿಸಿದ್ದನ್ನು ಪ್ರಕಟಿಸಿದರು. ಬಳಕೆದಾರರು ಹೆಚ್ಚಿರುವ ಸೇವೆಗೆ ಹೆಚ್ಚು ನಿಖರ ಚಿತ್ರ ಸಿಗುತ್ತದೆ ಎಂಬುದು ಇದರ ಸಹಜ ಪರಿಣಾಮ. ನಗರದ ಓಡಾಟಕ್ಕೆ ಮೊಬೈಲಿನ ನಕ್ಷೆ ಮುಂದಿರುವುದು ಈ ಕಾರಣಕ್ಕೆ.

ಘಟ್ಟ ಹತ್ತಿದ ಕೂಡಲೇ ಲೆಕ್ಕ ತಿರುಗುತ್ತದೆ. ಚಾರ್ಮಾಡಿ, ಶಿರಾಡಿ, ಆಗುಂಬೆಯ ತಿರುವುಗಳಲ್ಲಿ ಮೊಬೈಲ್ ಸಂಪರ್ಕ ಬಂದು ಬಂದು ಹೋಗುತ್ತದೆ. ಉಪಗ್ರಹದ ಸಂಕೇತಕ್ಕೆ ಇಂಟರ್‌ನೆಟ್ ಬೇಕಿಲ್ಲ; ಆದರೆ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರದಿದ್ದರೆ ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ನೀಲಿ ಚುಕ್ಕೆ ಮಾತ್ರ ಉಳಿಯುತ್ತದೆ. ಕಾರಿನ ಸ್ಮರಣೆಯಲ್ಲೇ ಇಡೀ ದೇಶದ ನಕ್ಷೆ ಇರುವ ವ್ಯವಸ್ಥೆಗೆ ಈ ತೊಂದರೆ ಇಲ್ಲ. ಆದರೆ ‘ಕಾರಿನಲ್ಲೇ ನ್ಯಾವಿಗೇಶನ್ ಇದೆ’ ಎಂದ ಮಾತ್ರಕ್ಕೆ ನಕ್ಷೆ ಕಾರಿನಲ್ಲೇ ಇದೆ ಎಂದು ಅರ್ಥವಲ್ಲ. ಇತ್ತೀಚಿನ ಕೆಲವು ವ್ಯವಸ್ಥೆಗಳು ಪ್ರತಿಸಲವೂ ಸರ್ವರಿನಿಂದ ತರಿಸಿಕೊಳ್ಳುತ್ತವೆ. ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಕಾರಿನ ಡೇಟಾ ಸಂಪರ್ಕವನ್ನೂ ಸೆಟ್ಟಿಂಗಿನಲ್ಲಿ ಆರಿಸಿ, ಹೊಸ ಊರೊಂದಕ್ಕೆ ದಾರಿ ಕೇಳಿದರೆ ಸತ್ಯ ಎರಡೇ ನಿಮಿಷದಲ್ಲಿ ಹೊರಬರುತ್ತದೆ.

ಇನ್ನೆರಡು ಪರೀಕ್ಷೆಗಳು ನಮ್ಮ ಕಡೆಯವರಿಗೆ ತುಂಬ ಉಪಯುಕ್ತ. ಬಂಡೀಪುರದ ಮೂಲಕ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ರಾತ್ರಿ ಹತ್ತಕ್ಕೆ ಹೊರಡುವಂತೆ ದಾರಿ ಕೇಳಿ, ಗುಂಡ್ಲುಪೇಟೆ ದಾಟಿಸಿ ನೇರ ಕಾಡಿಗೇ ಕಳಿಸುತ್ತದೆಯೋ, ಸುತ್ತುದಾರಿ ಸೂಚಿಸುತ್ತದೆಯೋ ನೋಡಿ. ಹೊತ್ತಿಗೆ ತಕ್ಕಂತೆ ಬದಲಾಗುವ ನಿರ್ಬಂಧವನ್ನು ಯಂತ್ರ ಬಲ್ಲದೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. ಇನ್ನೊಂದು ವಿಳಾಸದ್ದು. ಬೆಂಗಳೂರಿನ ಪ್ರತಿ ಬಡಾವಣೆಗೂ ಒಂದು 5ನೇ ಮೇನ್, ಒಂದು 12ನೇ ಕ್ರಾಸ್ ಇರುವುದರಿಂದ, ಬಡಾವಣೆ, ಹಂತ, ಬ್ಲಾಕು, ಮೇನು, ಕ್ರಾಸು ಇವನ್ನೆಲ್ಲ ಒಟ್ಟಿಗೆ ಹೇಳಿದರೆ ಸರಿಯಾದ ಮೂಲೆಗೆ ಕರೆದೊಯ್ಯುವ ಯಂತ್ರಗಳು ಬೆರಳೆಣಿಕೆಯಷ್ಟೇ. ನಿಮಗೆ ಚೆನ್ನಾಗಿ ಗೊತ್ತಿರುವ ಮನೆಯ ವಿಳಾಸವನ್ನೇ ಕೊಟ್ಟು ನೋಡಬೇಕು.

ಕಣ್ಣು ರಸ್ತೆಯಿಂದ ಎಷ್ಟು ಹೊತ್ತು ತಪ್ಪುತ್ತದೆ?

ಮೇಲಿನದೆಲ್ಲ ಸರಿಯಿದ್ದೂ, ಅದನ್ನು ಬಳಸಲು ಚಾಲಕ ಪದೇ ಪದೇ ತಲೆ ತಿರುಗಿಸಬೇಕಾದರೆ ಆ ವ್ಯವಸ್ಥೆ ಅನುತ್ತೀರ್ಣ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ಕೊಟ್ಟ ಮಾರ್ಗಸೂಚಿ ಇಲ್ಲಿ ಒಳ್ಳೆಯ ಅಳತೆಗೋಲು: ಒಂದು ನೋಟ 2 ಸೆಕೆಂಡು ಮೀರಬಾರದು, ಒಂದು ಕೆಲಸ ಮುಗಿಸಲು ಕಣ್ಣು ರಸ್ತೆಯಿಂದ ತಪ್ಪುವ ಒಟ್ಟು ಸಮಯ 12 ಸೆಕೆಂಡು ಮೀರಬಾರದು. ಗಂಟೆಗೆ 60 ಕಿ.ಮೀ. ವೇಗದಲ್ಲಿ 2 ಸೆಕೆಂಡಿಗೆ ಕಾರು 33 ಮೀಟರ್ ಸಾಗಿರುತ್ತದೆ; ನಮ್ಮ ಊರುಗಳ ನಡುವಿನ ರಸ್ತೆಯಲ್ಲಿ ಆ 33 ಮೀಟರಿನೊಳಗೆ ಒಂದು ಹಂಪು, ಒಂದು ಹಸು, ಎದುರಿನಿಂದ ರಾಂಗ್ ಸೈಡಿನಲ್ಲಿ ಬರುವ ಒಂದು ಬೈಕು, ಮೂರೂ ಹಿಡಿಸುತ್ತವೆ.

ಸ್ವೀಡನ್ನಿನ ವಿ ಬಿಲಾಗರೆ ಎಂಬ ಕಾರು ಪತ್ರಿಕೆ 2022ರಲ್ಲಿ ಹನ್ನೊಂದು ಹೊಸ ಕಾರುಗಳನ್ನು, ಬರಿಯ ಗುಂಡಿಗಳಿರುವ 2005ರ ಒಂದು ವೋಲ್ವೊ ವಿ70 ಜೊತೆ ಹೋಲಿಸಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ರೇಡಿಯೊ ಸ್ಟೇಷನ್ ಬದಲಿಸುವುದು, ತಾಪಮಾನ ಹೆಚ್ಚಿಸುವುದು ಮೊದಲಾದ ನಾಲ್ಕು ಕೆಲಸಗಳ ಗುಚ್ಛಕ್ಕೆ ಹಳೆಯ ವೋಲ್ವೊದಲ್ಲಿ 10 ಸೆಕೆಂಡು ಸಾಕಾಯಿತು. ಹೊಸ ಕಾರುಗಳಲ್ಲಿ ಅತಿ ಹಿಂದುಳಿದದ್ದಕ್ಕೆ 45 ಸೆಕೆಂಡಿನ ಹತ್ತಿರ ಬೇಕಾಯಿತು. ಕಾರಣ ಸರಳ. ನಾಬ್ ಬೆರಳಿಗೆ ಸಿಗುತ್ತದೆ, ಎಷ್ಟು ತಿರುಗಿತೆಂದು ಕೈಗೇ ತಿಳಿಯುತ್ತದೆ. ನುಣುಪು ಗಾಜಿನ ಮೇಲೆ ಗುರಿಯನ್ನು ಕಣ್ಣೇ ಹುಡುಕಬೇಕು, ತಾಗಿತೋ ಇಲ್ಲವೋ ಎಂದು ಮತ್ತೆ ಕಣ್ಣೇ ನೋಡಬೇಕು. ಹೊಸ ಕಾರುಗಳ ಸುರಕ್ಷತೆಯನ್ನು ಅಳೆದು ಶ್ರೇಣಿ ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ 2026ರಿಂದ ತನ್ನ ಅತ್ಯುನ್ನತ ಶ್ರೇಣಿಗೆ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಇವುಗಳಿಗೆ ಪ್ರತ್ಯೇಕ ಗುಂಡಿ ಇರಬೇಕೆಂದು ಕೇಳುತ್ತಿರುವುದು ಈ ಅನುಭವದ ಫಲ.

ಇದನ್ನು ಪರೀಕ್ಷಿಸಲು ಕಾರು ಓಡಿಸಬೇಕಿಲ್ಲ, ಓಡಿಸಲೂ ಬಾರದು. ನಿಂತ ಕಾರಿನಲ್ಲಿ ಮುಂದಿನ ಗಾಜಿನಾಚೆಯ ಒಂದು ಬಿಂದುವನ್ನು ನೋಡುತ್ತ ಕುಳಿತು, ಪಕ್ಕದವರ ಕೈಗೆ ಸ್ಟಾಪ್‌ವಾಚ್ ಕೊಡಿ. ಎ.ಸಿ. ಎರಡು ಡಿಗ್ರಿ ಇಳಿಸುವುದು, ಎಫ್‌ಎಂ 101.3ಕ್ಕೆ ಹೋಗುವುದು, ಮನೆಗೆ ದಾರಿ ಹಾಕುವುದು, ಹಿಂದಿನ ಗಾಜಿನ ಮಂಜು ತೆಗೆಯುವುದು, ಒಂದೊಂದಕ್ಕೂ ಎಷ್ಟು ಸಲ ಕಣ್ಣು ಹೊರಳಿತು ಎಂದು ಎಣಿಸಲಿ. ಮಂಜು ತೆಗೆಯುವ ಗುಂಡಿಯೂ ಮೆನುವಿನೊಳಗೆ ಅಡಗಿದ್ದರೆ, ಮಲೆನಾಡಿನ ಮಳೆಗಾಲದಲ್ಲಿ ಕಾರು ಓಡಿಸುವವರು ಆ ಕಾರನ್ನು ಇನ್ನೊಮ್ಮೆ ಯೋಚಿಸಿಯೇ ಕೊಳ್ಳಬೇಕು.

ಧ್ವನಿಯ ಆದೇಶ ಇದಕ್ಕೆಲ್ಲ ಪರಿಹಾರವೆಂದು ಹೇಳುವುದುಂಟು. ಕಿಟಕಿ ಅರ್ಧ ಇಳಿಸಿ, ಹಿಂದಿನ ಸೀಟಿನಲ್ಲಿ ಇಬ್ಬರು ಮಾತಾಡುತ್ತಿರುವಾಗ ‘ಹೊಳೆನರಸೀಪುರಕ್ಕೆ ದಾರಿ ತೋರಿಸು’ ಎಂದು ನಿಮ್ಮ ಎಂದಿನ ಉಚ್ಚಾರದಲ್ಲೇ ಹೇಳಿ ನೋಡಿ. ಅದು ಕಳಿಸುವ ಊರೇ ಉತ್ತರ. ಯಂತ್ರ ನಿಮ್ಮೊಡನೆ ಮಾತನಾಡುವ ರೀತಿಯನ್ನೂ ಗಮನಿಸಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ 200 ಮೀಟರ್ ದೂರ ಸವೆಯಲು ಬೇಕಾಗುವುದು ಒಂಬತ್ತೇ ಸೆಕೆಂಡು. ‘200 ಮೀಟರಿನಲ್ಲಿ ಎಡಕ್ಕೆ’ ಎಂಬುದೇ ಮೊದಲ ಸೂಚನೆಯಾದರೆ, ಬಲ ಲೇನಿನಲ್ಲಿರುವವನಿಗೆ ಅದು ಸಿಕ್ಕರೂ ಸಿಗದಂತೆಯೇ. ಒಳ್ಳೆಯ ವ್ಯವಸ್ಥೆ ವೇಗಕ್ಕೆ ತಕ್ಕಂತೆ ಮೊದಲೇ ಎಚ್ಚರಿಸುತ್ತದೆ, ಮುಂದಿನ ತಿರುವನ್ನು ಸ್ಪೀಡೋಮೀಟರಿನ ಪಕ್ಕದಲ್ಲೂ ತೋರಿಸುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಡ್ಯಾಶ್‌ಬೋರ್ಡಿನ ಪರದೆಗೆ ಮಹತ್ವವಿದೆ. ಓಡಿಸುತ್ತ ಕೈಯಲ್ಲಿ ಮೊಬೈಲ್ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಬಂದಿದೆ. ಏಕಾಗ್ರತೆ ಕೆಡದಂತೆ ದಾರಿ ನೋಡಲು ಮಾತ್ರ 2020ರ ನಿಯಮ ಅವಕಾಶ ಕೊಡುತ್ತದೆ. ಇದೇ ಹೊತ್ತಿನಲ್ಲಿ, ಹೊರಗೆ ಹಾಕಿಸುವ ಕೆಲವು ಆಂಡ್ರಾಯ್ಡ್ ಸ್ಟೀರಿಯೊಗಳಲ್ಲಿ ಕಾರು ನಿಂತಿದೆಯೆಂದು ಸ್ಟೀರಿಯೊಗೆ ತಿಳಿಸುವ ಹ್ಯಾಂಡ್‌ಬ್ರೇಕಿನ ವೈರನ್ನು ಕಾರಿನ ಲೋಹದ ಮೈಗೆ ಅರ್ತ್ ಮಾಡಿ, ಕಾರು ಓಡುವಾಗಲೂ ವಿಡಿಯೊ ಬರುವಂತೆ ಮಾಡಿಕೊಡುವ ಅಂಗಡಿಗಳಿವೆ. ಅದನ್ನು ಸೌಲಭ್ಯವೆಂದು ಯಾರಾದರೂ ಹೇಳಿದರೆ ಆ ಅಂಗಡಿಯನ್ನೇ ಬಿಡುವುದು ಲೇಸು.

ಹಾಡು, ಬಿಸಿಲು, ಬಿಸಿ

ಧ್ವನಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಲೆಕ್ಕ ಸಾಕು. ಕಾರಿನ ವಿದ್ಯುತ್ ಹೆಚ್ಚೆಂದರೆ 14.4 ವೋಲ್ಟ್, ಸ್ಪೀಕರಿನ ಪ್ರತಿರೋಧ ಸಾಮಾನ್ಯವಾಗಿ 4 ಓಮ್. ವೋಲ್ಟೇಜ್ ಏರಿಸುವ ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದಿದ್ದರೆ ಪ್ರತಿ ಸ್ಪೀಕರಿಗೆ ಶುದ್ಧವಾಗಿ ಸಿಗುವುದು 26 ವ್ಯಾಟಿನ ಒಳಗೇ. ಡಬ್ಬಿಯ ಮೇಲಿನ ‘4×50 ವ್ಯಾಟ್’ ಕ್ಷಣಮಾತ್ರದ ಶಿಖರದ ಅಂಕಿ. ಪೆನ್‌ಡ್ರೈವಿನಲ್ಲಿ ಕನ್ನಡ ಹೆಸರಿನ ಹಾಡುಗಳನ್ನು ತುಂಬಿ ಒಮ್ಮೆ ಹಾಕಿ ನೋಡಿ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬಂದರೆ, ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ, ಆ ಸಾಫ್ಟ್‌ವೇರ್ ಮಾಡಿದವರು ಈ ಭಾಷೆಯ ಗ್ರಾಹಕರನ್ನು ನೆನೆದಿಲ್ಲ.

ಪರದೆಯನ್ನು ಮಧ್ಯಾಹ್ನ ಹೊರಗೆ ನಿಲ್ಲಿಸಿಯೇ ನೋಡಬೇಕು. ಹೊಳಪಿನ ಗಾಜು ಒಳಗೆ ಸೊಗಸಾಗಿ ಕಂಡು, ಬಿಸಿಲಿನಲ್ಲಿ ನಿಮ್ಮ ಅಂಗಿಯ ಬಣ್ಣವನ್ನೇ ತೋರಿಸುತ್ತದೆ. ರಾತ್ರಿ ಇದಕ್ಕೆ ಉಲ್ಟಾ, ಸಾಕಷ್ಟು ಮಬ್ಬಾಗದಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಬಿಸಿಲಿನಲ್ಲಿ ಒಂದೆರಡು ಗಂಟೆ ನಿಂತ ಕಾರನ್ನು ಸ್ಟಾರ್ಟ್ ಮಾಡಿದ ಕೂಡಲೇ ರಿವರ್ಸ್ ಗೇರ್ ಹಾಕಿ, ಕ್ಯಾಮೆರಾ ಚಿತ್ರ ಬರಲು ಎಷ್ಟು ಹೊತ್ತಾಯಿತೆಂದು ಎಣಿಸುವುದು ನನ್ನ ಮೆಚ್ಚಿನ ಪರೀಕ್ಷೆ, ಏಕೆಂದರೆ ಪ್ರೊಸೆಸರಿನ ಶಕ್ತಿ, ಸಾಫ್ಟ್‌ವೇರಿನ ಶಿಸ್ತು, ಬಿಸಿ ತಡೆಯುವ ಗುಣ ಮೂರೂ ಅದರಲ್ಲಿ ಒಟ್ಟಿಗೆ ಹೊರಬೀಳುತ್ತವೆ. ಅಮೆರಿಕದ ನಿಯಮದಂತೆ ರಿವರ್ಸ್ ಗೇರ್ ಬಿದ್ದ 2 ಸೆಕೆಂಡಿನೊಳಗೆ ಚಿತ್ರ ಬರಬೇಕು. ಮಗುವೊಂದು ಹಿಂದೆ ಓಡಿಬರಬಹುದಾದ ಜಾಗದಲ್ಲಿ ಕಂಪನಿಯ ಲಾಂಛನ ತಿರುಗುತ್ತ ಕೂರುವ ಪರದೆಗೆ ಎಷ್ಟು ಇಂಚಿದ್ದರೇನು!

ಹತ್ತು ವರ್ಷದ ಲೆಕ್ಕ

ಹಿಂದೆ ಸ್ಟೀರಿಯೊ ಕೆಟ್ಟರೆ ಚಿಂತೆಯಿರಲಿಲ್ಲ. 180 ಮಿ.ಮೀ. ಅಗಲ, 50 ಅಥವಾ 100 ಮಿ.ಮೀ. ಎತ್ತರದ, ‘ಡಿನ್’ ಎಂಬ ನಿಗದಿತ ಅಳತೆ ಎಲ್ಲ ಕಾರುಗಳಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿಕೊಂಡು ಬರಬಹುದಿತ್ತು. ಈಗ ಪರದೆ ಡ್ಯಾಶ್‌ಬೋರ್ಡಿನ ಆಕಾರದಲ್ಲೇ ಬೆಸೆದುಕೊಂಡಿದೆ. ಎ.ಸಿ., ಕ್ಯಾಮೆರಾ, ಕಾರಿನ ಸೆಟ್ಟಿಂಗುಗಳೆಲ್ಲ ಅದರ ಮೂಲಕವೇ ನಡೆಯುವುದರಿಂದ ಅದು ಕೆಟ್ಟರೆ ಬರಿಯ ಹಾಡು ನಿಲ್ಲುವುದಿಲ್ಲ. ಟೆಸ್ಲಾ 2021ರಲ್ಲಿ ಸುಮಾರು 1.35 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಕಾರಣಕ್ಕೆ: ಅವುಗಳ ಪರದೆಯ ಹಿಂದಿನ 8 ಜಿ.ಬಿ. ಸ್ಮರಣೆಯ ಚಿಪ್, ಬರೆದು ಅಳಿಸಿ ಸವೆದು, ರಿವರ್ಸ್ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ನಿಯಂತ್ರಣ ಮೊದಲಾದವು ಕೈಕೊಡುತ್ತಿದ್ದವು. ಮಾರಾಟ ವಿಭಾಗದವರನ್ನು ಬಿಟ್ಟು, ಅದೇ ಆವರಣದ ಸರ್ವಿಸ್ ಕೌಂಟರಿಗೆ ಹೋಗಿ ‘ವಾರಂಟಿ ಮುಗಿದ ಮೇಲೆ ಈ ಹೆಡ್ ಯೂನಿಟ್ (ಪರದೆ ಮತ್ತು ಅದರ ಹಿಂದಿನ ಯಂತ್ರ) ಬದಲಿಸಲು ಎಷ್ಟಾಗುತ್ತದೆ’ ಎಂದು ಕೇಳಿ. ಅಲ್ಲಿ ಸಿಗುವ ಅಂಕಿಯನ್ನು ವೇರಿಯಂಟಿನ ಬೆಲೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಸಂಪರ್ಕ ಸೇವೆಗಳ ಆಯುಸ್ಸು ಇನ್ನೂ ಅನಿಶ್ಚಿತ. ಅಮೆರಿಕದಲ್ಲಿ ಎಟಿ&ಟಿ ಕಂಪನಿ 2022ರ ಫೆಬ್ರುವರಿಯಲ್ಲಿ 3ಜಿ ಜಾಲ ಮುಚ್ಚಿದಾಗ, ಆ ಮೋಡೆಮ್ ಇದ್ದ ಅನೇಕ ಕಾರುಗಳ ದೂರ ನಿಯಂತ್ರಣ, ತುರ್ತು ಕರೆ ಸೇವೆಗಳು ನಿಂತುಹೋದವು; ಎಂಜಿನ್ ಮಾತ್ರ ಚೆನ್ನಾಗಿಯೇ ಇತ್ತು. ಚಂದಾ ಎಷ್ಟು ವರ್ಷ ಉಚಿತ, ಕಟ್ಟದಿದ್ದರೆ ಯಾವ ಯಾವ ಸೌಲಭ್ಯ ನಿಲ್ಲುತ್ತದೆ ಎಂಬುದನ್ನು ಬರವಣಿಗೆಯಲ್ಲೇ ಪಡೆಯುವುದು ಕ್ಷೇಮ. ಸಾಫ್ಟ್‌ವೇರ್ ಅಪ್‌ಡೇಟ್ ಎಂಬುದು ಹೊಸ ಬಣ್ಣದ ಮೆನುವಿಗಾಗಿ ಮಾತ್ರವಲ್ಲ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಸಂಶೋಧಕರು ಓಡುತ್ತಿದ್ದ ಜೀಪ್ ಚೆರೊಕಿಯೊಂದನ್ನು ಅದರ ಇನ್ಫೋಟೈನ್‌ಮೆಂಟ್ ವ್ಯವಸ್ಥೆಯ, ಅಂದರೆ ಇಂತಹದೇ ಪರದೆಯ, ಇಂಟರ್‌ನೆಟ್ ಸಂಪರ್ಕದ ಮೂಲಕವೇ ದೂರದಿಂದ ಹತೋಟಿಗೆ ತೆಗೆದುಕೊಂಡು ತೋರಿಸಿದ ಮೇಲೆ, 14 ಲಕ್ಷ ವಾಹನಗಳನ್ನು ಸರಿಪಡಿಸಬೇಕಾಯಿತು. ಎಷ್ಟು ವರ್ಷ ಸುರಕ್ಷತಾ ಅಪ್‌ಡೇಟ್ ಕೊಡುತ್ತೀರಿ ಎಂಬ ಪ್ರಶ್ನೆಗೆ ಷೋರೂಮಿನಲ್ಲಿ ಉತ್ತರ ಸಿಗದಿದ್ದರೆ ಕಂಪನಿಗೆ ಇಮೇಲ್ ಬರೆದು ಕೇಳಬಹುದು.

ಈ ಪರದೆ ನೆನಪಿಟ್ಟುಕೊಳ್ಳುವುದೂ ಕಡಿಮೆಯಲ್ಲ: ಫೋನಿನ ಸಂಪರ್ಕ ಪಟ್ಟಿ, ಕರೆಗಳ ದಾಖಲೆ, ಮನೆ ಮತ್ತು ಕಚೇರಿಯ ವಿಳಾಸ, ಹೋಗಿಬಂದ ಊರುಗಳು. ಮೊಜಿಲ್ಲಾ ಪ್ರತಿಷ್ಠಾನ 2023ರಲ್ಲಿ 25 ಕಾರು ಬ್ರಾಂಡುಗಳ ಖಾಸಗಿತನದ ನೀತಿಗಳನ್ನು ಪರಿಶೀಲಿಸಿ, ಒಂದೂ ತನ್ನ ಮಾನದಂಡ ಮುಟ್ಟಲಿಲ್ಲವೆಂದು ವರದಿ ಮಾಡಿತು. ಕಾರು ಮಾರುವವರು ಆರ್‌ಸಿ ವರ್ಗಾವಣೆಯಷ್ಟೇ ಮುಖ್ಯವೆಂದು ಫ್ಯಾಕ್ಟರಿ ರೀಸೆಟ್ ಮಾಡಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಅಲ್ಲಿಗೇ ನಿಲ್ಲುವಂತಿಲ್ಲ; ಹಿಂದಿನ ಮಾಲೀಕರ ಮೊಬೈಲ್ ಆ್ಯಪಿನಲ್ಲಿ ಆ ಕಾರು ಇನ್ನೂ ನೋಂದಾಯಿತವಾಗಿದ್ದರೆ, ಕಾರು ಎಲ್ಲಿ ನಿಂತಿದೆ ಎಂಬುದು ಅವರಿಗೆ ಕಾಣುತ್ತಲೇ ಇರಬಹುದು, ಕೆಲವು ಮಾದರಿಗಳಲ್ಲಿ ಬಾಗಿಲು ತೆಗೆಯುವ ಅಧಿಕಾರವೂ ಉಳಿದಿರುತ್ತದೆ. ಕೊನೆಯ ಕಂತಿನ ಹಣ ಕೊಡುವ ಮೊದಲು, ಮಾರುವವರು ತಮ್ಮ ಖಾತೆಯಿಂದ ಕಾರನ್ನು ತೆಗೆದುಹಾಕಿದ್ದನ್ನು ಎದುರಿಗೇ ನೋಡಿ, ನಿಮ್ಮ ಹೆಸರಿನಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳಬೇಕು.